ಬಲತುದಿಯ ಏಳು ಮಂದಿ

ಹತ್ತನೆಯ ತರಗತಿಯವರನ್ನು ಕಳುಹಿಸಿಕೊಡುವಾಗ ಒಂದು ಗ್ರೂಪ್ ಫೋಟೋ ತೆಗೆಯುವುದು ನಮ್ಮ ಶಾಲೆಯ ಪದ್ಧತಿ. ಈ ಸಲ ಫೋಟೋಗ್ರಾಫರನ್ನು ಕರೆಯಲಿಲ್ಲ. ಕ್ಯಾಮರಾ ನಮ್ಮಲ್ಲೇ ಇತ್ತು, ಧೈರ್ಯವೂ ಇತ್ತು. ಮಕ್ಕಳು ಅಂಗಳದಲ್ಲಿ ಮೂರು ಸಾಲಾಗಿ ನಿಂತರು. ಎಡಕ್ಕೆ ಸಂಜೆಯ ಬಿಸಿಲು, ಬಲಕ್ಕೆ ಹಲಸಿನ ಮರದ ನೆರಳು. ಕಂಪ್ಯೂಟರಿನಲ್ಲಿ ನೋಡಿದರೆ ಬಲತುದಿಯ ಏಳು ಮಂದಿಗೆ ಮುಖವೇ ಇಲ್ಲ! ಪುನಃ ತೆಗೆಯೋಣವೆಂದರೆ ಪರೀಕ್ಷೆ ಮುಗಿದು ಎಲ್ಲರೂ ಚದರಿದ್ದರು. ಫೋಟೋ ಕೇಳಲು ಬಂದ ಹುಡುಗಿಯೊಬ್ಬಳು ಪರದೆಯ ಹತ್ತಿರ ಬಾಗಿ, "ಮಾಷ್ಟ್ರೇ, ನಾನು ಇದರಲ್ಲಿ ಉಂಟಾ?" ಎಂದಳು.

ನಮ್ಮ ಕೇರಳದ ಶಾಲೆಗಳಲ್ಲಿ ಐ.ಟಿ. ಪಾಠಕ್ಕೆ ಜಿಂಪ್ ಇದೆಯಷ್ಟೆ. ಆದರೆ ನಾವು ಅದರಲ್ಲಿ ಮಕ್ಕಳಿಂದ ಪೋಸ್ಟರ್ ಮಾಡಿಸಿದ್ದೇ ಹೆಚ್ಚು. ಇಡೀ ಚಿತ್ರವನ್ನು ಬೆಳಗಿಸಿ ನೋಡಿದೆವು. ಬಲಗಡೆಯವರು ಕಂಡರು, ಎಡಗಡೆಯವರ ಬಿಳಿ ಅಂಗಿಗಳು ಸುಣ್ಣದ ಗೋಡೆಯಾದವು. ಹಾಗಾಗಿ ಚಿತ್ರದ ಪದರಕ್ಕೆ ಇನ್ನೊಂದು ಪ್ರತಿ ಮಾಡಿ, ಮೇಲಿನದನ್ನು ಮಾತ್ರ ಕರ್ವ್ಸ್‌ನಲ್ಲಿ ಬೆಳಗಿಸಿ, ಅದಕ್ಕೊಂದು ಮಾಸ್ಕ್ ಹಾಕಿದೆವು. ಮಾಸ್ಕ್ ಬಿಳಿ ಇದ್ದಲ್ಲಿ ಆ ಪದರ ಕಾಣುತ್ತದೆ, ಕಪ್ಪು ಇದ್ದಲ್ಲಿ ಅಡಗುತ್ತದೆ. ಎಡದಿಂದ ಬಲಕ್ಕೆ ಕಪ್ಪಿನಿಂದ ಬಿಳಿಗೆ ಗ್ರೇಡಿಯೆಂಟ್ ಎಳೆದಾಗ ಏಳೂ ಮುಖಗಳು ಬಂದವು.

ಆದರೆ ಅವರ ತಲೆಯ ಮೇಲಿನ ಆಕಾಶವೂ ಸುಟ್ಟುಹೋಯಿತು. ಮೇಲಿನಿಂದ ಕೆಳಕ್ಕೆ ಇನ್ನೊಂದು ಗ್ರೇಡಿಯೆಂಟ್ ಎಳೆದೆವು. ಆಕಾಶ ಸರಿಯಾಯಿತು, ಎಡದ ಅಂಗಿಗಳು ಮತ್ತೆ ಸುಣ್ಣ! ಎರಡನೆಯದು ಮೊದಲನೆಯದನ್ನು ಒರೆಸಿಹಾಕಿತ್ತು. ಒಂದು ಸಂಜೆ ಪೂರಾ ಇದರಲ್ಲೇ ಹೋಯಿತು.

ಗುಟ್ಟು ಗ್ರೇಡಿಯೆಂಟಿನ ಮೋಡ್‌ನಲ್ಲಿತ್ತು. 'ನಾರ್ಮಲ್' ಬದಲು 'ಮಲ್ಟಿಪ್ಲೈ' ಇಟ್ಟರೆ ಹಳೆಯದು ಅಳಿಯುವುದಿಲ್ಲ, ಎರಡೂ ಗುಣಿಸಿಕೊಳ್ಳುತ್ತವೆ. ಕಪ್ಪೆಂದರೆ ಸೊನ್ನೆ, ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಗಣಿತ ಕಲಿಸುವ ನಮಗೆ ಇದು ಮೊದಲೇ ಹೊಳೆಯಬೇಕಿತ್ತು! ಆಲ್ಟ್ ಒತ್ತಿ ಮಾಸ್ಕಿನ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕೇ ದೊಡ್ಡದಾಗಿ ಕಾಣುತ್ತದೆ. ಈಗ ಬಲ ಕೆಳಮೂಲೆಯಲ್ಲಿ ಮಾತ್ರ ಬಿಳುಪು, ಉಳಿದದ್ದು ಮಳೆಮೋಡ.

ಎಡದ ಹಿಂದಿನ ಸಾಲಿನಲ್ಲಿ ಉದ್ದದ ಹುಡುಗನ ನೆರಳಿಗೆ ಸಿಕ್ಕಿದವಳು ಬಾಕಿ ಇದ್ದಳು. ಅವಳ ಮುಖದ ಮೇಲೆ ನಡುವೆ ಬಿಳಿ, ಸುತ್ತ ಕಪ್ಪು ಇರುವ ದುಂಡನೆಯ ಗ್ರೇಡಿಯೆಂಟ್. ಇಲ್ಲಿ ಮಲ್ಟಿಪ್ಲೈ ಸಲ್ಲದು, ಎಲ್ಲವನ್ನೂ ಕಪ್ಪಾಗಿಸುತ್ತದೆ. 'ಲೈಟನ್ ಓನ್ಲಿ' ಬೇಕು.

ಪಕ್ಕದಲ್ಲಿದ್ದ ಹುಡುಗಿ, "ಇನ್ನೂ ಸ್ವಲ್ಪ ಬೆಳ್ಳಗೆ ಮಾಡಿ ಮಾಷ್ಟ್ರೇ" ಎಂದಳು. ನಾವು ಒಪ್ಪಲಿಲ್ಲ. ಅವಳ ಮುಖ ಕಾಣಬೇಕಿತ್ತು, ಬಣ್ಣ ಬದಲಾಗಬೇಕಿರಲಿಲ್ಲ. ಮೇಲಿನ ಪದರದ ಒಪಾಸಿಟಿಯನ್ನೇ ಇಳಿಸಿದೆವು. ನೆರಳನ್ನು ಜಾಸ್ತಿ ಎಬ್ಬಿಸಿದರೆ ಮುಖದ ತುಂಬ ರವೆ ಚೆಲ್ಲಿದಂತಾಗುತ್ತದೆ ಕೂಡ. (ನೀವು ಮಾಡುವಾಗ ಎಕ್ಸ್‌ಸಿಎಫ್ ಆಗಿ ಸೇವ್ ಮಾಡಿ. ಜೆಪೆಗ್ ಮಾತ್ರ ಉಳಿಸಿಕೊಂಡು ಮಾಸ್ಕುಗಳನ್ನೆಲ್ಲ ಒಮ್ಮೆ ಕಳಕೊಂಡವರು ನಾವು.)

ಪ್ರಿಂಟ್ ಬಂದ ದಿನ ಅವಳು ತನ್ನ ಮುಖದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಡುಸಾಲಿನಲ್ಲಿ ಕಣ್ಣು ಮುಚ್ಚಿ ನಿಂತ ಹುಡುಗನನ್ನು ತೋರಿಸಿ ಕೇಳಿದಳು: "ಇವನ ಕಣ್ಣು ತೆರೆಸಲಿಕ್ಕೆ ಆಗ್ತದಾ ಮಾಷ್ಟ್ರೇ?"