ಅಪ್ಪನ ಮೆಟ್ಟು

ಅಪ್ಪನಿಗೆ ಲಕ್ವ ಹೊಡೆದದ್ದು ಗದ್ದೆ ಬದುವಿನ ಮೇಲೆ. ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಮದ್ದು 4½ ಗಂಟೆಯೊಳಗೆ ಬೀಳಬೇಕಂತೆ. ನಮ್ಮ ಕೇರಿಯಿಂದ ಪೇಟೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತೇ ಮುಳುಗಿತ್ತು. ಬಲಗೈ, ಬಲಗಾಲು ಸೋತವು. ಜೊತೆಗೆ ನೆನಪೂ.

"ಈಗಿನ ಪ್ರಧಾನಿ ಯಾರು? 100ರಿಂದ 7 ಕಳೆಯುತ್ತಾ ಹೋಗಿ" ಅಂತ ಕೇಳಿದರು. ಸ್ಲೇಟನ್ನೇ ಮುಟ್ಟದ ಅಪ್ಪನಿಗೆ ಈ ಲೆಕ್ಕ ಮೊದಲೂ ಬರುತ್ತಿರಲಿಲ್ಲ. ಓದಿದವರ ಅಳತೆಗೋಲಿಗೆ ಓದದವರ ನೆನಪು ಯಾವಾಗಲೂ ಮೋಟಾಗಿಯೇ ಕಾಣುತ್ತದೆ. ಆದರೂ ಸುಳ್ಳು ಯಾಕೆ ಹೇಳಬೇಕು? ಹೋದದ್ದು ಹೋಗಿತ್ತು. ತಂಗಿಯ ಮದುವೆ ಮರೆತಿದ್ದ. ಕೇರಿಗೇ ಮೊದಲ ಡಿಗ್ರಿ ನಾವು ತಂದದ್ದನ್ನೂ ಮರೆತಿದ್ದ.

ಮಿದುಳಿಗೆ ಪೆಟ್ಟು ಬಿದ್ದಾಗ ಸಾಮಾನ್ಯವಾಗಿ ಹೊಸ ನೆನಪು ಮೊದಲು ಉದುರುತ್ತದೆ. ಹಳೆಯದು, ಮೈಗೆ ಹತ್ತಿದ್ದು, ಉಳಿಯುತ್ತದೆ. ಅಪ್ಪನಲ್ಲಿ ಉಳಿದದ್ದೇನು? ನಮ್ಮ ಹೆಗಲು ಹಿಡಿದು ನಡೆಯುತ್ತಿದ್ದವನು ಗೌಡರ ಬೀದಿ ಬಂದದ್ದೇ ತಡ, ಬಗ್ಗಿ ಮೆಟ್ಟು ಕಳಚಿ ಕಂಕುಳಿಗೆ ಸೇರಿಸಿದ. ಎದುರು ಬಂದ ಹುಡುಗನಿಗೆ "ಬುದ್ದೀ" ಅಂದ. ಜೀತವನ್ನು ರದ್ದು ಮಾಡಿದ ಕಾನೂನು ಬಂದದ್ದು 1976ರಲ್ಲಿ. ಆಗ ಅಪ್ಪ ದನ ಕಾಯುವ ಜೀತದ ಹುಡುಗ. ಆ ಹುಡುಗ ಎದ್ದು ಬಂದಿದ್ದ. ಮೂವತ್ತು ವರ್ಷ ಮೆಟ್ಟಿಕೊಂಡೇ ಆ ಬೀದಿ ನಡೆದ ಅಪ್ಪ ಎಲ್ಲೋ ಹೋಗಿಬಿಟ್ಟಿದ್ದ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

ನೆನಪಿನ ತರಬೇತಿ ಕೊಡುವ ಅಕ್ಕ ದಾರಿ ತೋರಿಸಿದರು. "ಊಹೆ ಮಾಡೋಕೆ ಬಿಡಬೇಡಿ, ಸರಿಯಾದ್ದನ್ನ ಮೊದಲೇ ಹೇಳಿ, ತಪ್ಪೂ ನೆನಪಾಗಿ ಕೂತುಬಿಡುತ್ತೆ. ಒಂದು ನಿಮಿಷ ಬಿಟ್ಟು ಕೇಳಿ. ಆಮೇಲೆ ಎರಡು, ನಾಲ್ಕು, ಎಂಟು." ಸತ್ತ ನರಕೋಶ ಮರಳಿ ಹುಟ್ಟುವುದಿಲ್ಲ. ಉಳಿದವೇ ಹೊಸ ದಾರಿ ಮಾಡಿಕೊಳ್ಳಬೇಕು, ನಡೆದೂ ನಡೆದೂ ಹೊಲದಲ್ಲಿ ಕಾಲುದಾರಿ ಬೀಳುವ ಹಾಗೆ.

ಸೇಬು, ಪಿಯಾನೋ ಬರೆದ ಕಾರ್ಡುಗಳನ್ನು ಬದಿಗಿಟ್ಟೆವು. ತಂಗಿಯ ಮದುವೆ ಫೋಟೋ ಗೋಡೆಗೆ ಬಂತು. ದಿನಾ ಬೀದಿ ತುದಿಯಲ್ಲಿ, ಅಪ್ಪ ಬಗ್ಗುವ ಮೊದಲೇ, "ಮೆಟ್ಟು ಕಾಲಲ್ಲೇ ಇರ್ಲಿ ಅಪ್ಪ" ಅಂದೆವು. ನೂರು ಸಲ ಅಂದೆವು.

ಗೆಳೆಯರೇ, ಇದಕ್ಕೆ ನೆನಪಿನ ಪುನರ್ವಸತಿ ಎನ್ನುತ್ತಾರೆ. ಯಾವ ನೆನಪಿಗೆ ಮನೆ ಕಟ್ಟಿಕೊಡಬೇಕು, ಯಾವುದನ್ನು ಹೊಸಿಲಾಚೆ ನಿಲ್ಲಿಸಬೇಕು ಎಂಬುದನ್ನು ಯಾವ ಆಸ್ಪತ್ರೆಯೂ ಬರೆದುಕೊಡುವುದಿಲ್ಲ. ಅದು ನಮ್ಮ ಕೆಲಸ.

ಮೊನ್ನೆ ಬೀದಿ ತುದಿಯಲ್ಲಿ ಅಪ್ಪ ನಿಂತ. ಕಾಲು ನೋಡಿಕೊಂಡ. ನಾವು ಬಾಯಿ ತೆರೆಯುವ ಮೊದಲೇ ತೊದಲುತ್ತ ಅಂದ: "ಇರ್ಲಿ."