ಕೆಳದಿಯಿಂದ ಕವಲೇದುರ್ಗಕ್ಕೆ

ಪರದೇಶದ ಪಟ್ಟಣಗಳನ್ನು ಕಂಡು ಬಂದವರ ಮಾತನ್ನು ಕೇಳುವುದೂ ಒಂದು ಬಗೆಯ ಯಾತ್ರೆಯೇ ಸರಿ. ತುರ್ಕಿದೇಶವನ್ನು ಸುತ್ತಿ ಬಂದ ನಮ್ಮ ಸ್ನೇಹಿತರೊಬ್ಬರು, ಉಸ್ಮಾನಿ ಸುಲ್ತಾನರು ಮೊದಲು ಬುರ್ಸಾದಲ್ಲಿಯೂ, ಬಳಿಕ ಎದಿರ್ನೆಯಲ್ಲಿಯೂ, 1453ರಲ್ಲಿ ಗೆದ್ದ ಮೇಲೆ ಕಾನ್‌ಸ್ಟಾಂಟಿನೋಪಲಿನಲ್ಲಿಯೂ ರಾಜಧಾನಿಯನ್ನು ಹೂಡಿದ ಕಥೆಯನ್ನು ಒಂದು ಸಂಜೆ ಸೊಗಸಾಗಿ ವರ್ಣಿಸಿದರು. ಕೇಳುತ್ತಿದ್ದ ನಮ್ಮ ಮನೆಯ ಹುಡುಗನು, “ನಮ್ಮ ಸೀಮೆಯ ಅರಸರಿಗೂ ಮೂರು ರಾಜಧಾನಿಗಳಿದ್ದುವಂತಲ್ಲ, ಅವನ್ನು ನೋಡಿದ್ದೀರಾ?” ಎಂದನು. ನಮ್ಮಲ್ಲಿ ಯಾರೂ ಮೂರನ್ನೂ ನೋಡಿರಲಿಲ್ಲ. ಆ ನಾಚಿಕೆಯೇ ನಮ್ಮ ಪ್ರಯಾಣಕ್ಕೆ ಕಾರಣವಾಯಿತು.

ಮೂರು ಮನೆಯವರು ಕೂಡಿ, ಬುತ್ತಿ ಕಟ್ಟಿಕೊಂಡು ಸಾಗರದಿಂದ ಹೊರಟೆವು. ಎಪ್ಪತ್ತನ್ನು ದಾಟಿದ ನಮ್ಮ ಸೋದರತ್ತೆಯವರೂ ಬರುವೆನೆಂದರು. ಸದಾಶಿವ ನಾಯಕನು ಕಟ್ಟಿಸಿದ ಕೆರೆಯಿಂದಲೇ ಸಾಗರಕ್ಕೆ ಆ ಹೆಸರು ಬಂದಿತೆಂಬುದನ್ನು ಹುಡುಗನಿಗೆ ಹೇಳುತ್ತ ಕೆಳದಿಗೆ ಬಂದೆವು. ಅಲ್ಲಿ ರಾಮೇಶ್ವರನ ಗುಡಿ. ಅದರ ಮಗ್ಗುಲಲ್ಲಿ ವೀರಭದ್ರನ ಗುಡಿ. ಮಾಳಿಗೆಯಲ್ಲಿ ಕೆತ್ತಿದ ಗಂಡಭೇರುಂಡ. ರಾಜ್ಯವೊಂದು ಹುಟ್ಟಿದ ಸ್ಥಳ ಇಂದು ಗದ್ದೆಗಳ ನಡುವಣ ಶಾಂತವಾದ ಹಳ್ಳಿ.

ಇಕ್ಕೇರಿಯಲ್ಲಿ ಅಘೋರೇಶ್ವರನ ದೇವಾಲಯವೂ, ಅದರೆದುರಿನ ಮಂಟಪದೊಳಗಿನ ದೊಡ್ಡ ನಂದಿಯೂ ಉಳಿದಿವೆ, ಪಟ್ಟಣ ಉಳಿದಿಲ್ಲ. ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಇಟಲಿಯ ಯಾತ್ರಿಕನು ವೆಂಕಟಪ್ಪ ನಾಯಕನ ಕಾಲದಲ್ಲಿ, 1623ರಲ್ಲಿ, ಇಲ್ಲಿಗೆ ಬಂದಿದ್ದನು. ಅವನು 1614ರಲ್ಲಿ ವೆನಿಸ್ಸಿನಿಂದ ಹೊರಟು ಮೊದಲು ತುರ್ಕಿಯ ರಾಜಧಾನಿಯಲ್ಲಿಯೇ ಬಹುಕಾಲ ತಂಗಿದ್ದವನು. ಅಂಥ ಮಹಾನಗರವನ್ನು ಕಂಡ ಕಣ್ಣಿಗೆ ನಮ್ಮ ಮಲೆನಾಡಿನಲ್ಲಿ ವಿಶೇಷವಾಗಿ ತೋರಿದುದೇನು? ಘಟ್ಟದ ಮೇಲಿನ ಗುಡಿಯೊಂದರ ಜಗುಲಿಯಲ್ಲಿ ಗುರುಗಳಿಲ್ಲದೆ ಕುಳಿತಿದ್ದ ಹುಡುಗರು, ನೆಲದ ಮೇಲೆ ಮರಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳುತ್ತ, ಒಬ್ಬರಿಗೊಬ್ಬರು ಲೆಕ್ಕ ಕಲಿಸುತ್ತಿದ್ದುದು. ಅದನ್ನು ಅವನು ಮೆಚ್ಚಿ ಬರೆದಿಟ್ಟನು.

ಹೊಸನಗರದ ಮೇಲೆ ಹಾಯ್ದು ನಗರಕ್ಕೆ ಹೋದೆವು. ಇದೇ ಹಿಂದಿನ ಬಿದನೂರು. ಶಿವಪ್ಪ ನಾಯಕನು ಭೂಮಿಯನ್ನು ಅದರ ಸತ್ವಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿ ಕಂದಾಯವನ್ನು ಗೊತ್ತುಮಾಡಿದ ‘ಶಿಸ್ತು’ ಇಲ್ಲಿಂದಲೇ ನಡೆದುದು. 1763ರಲ್ಲಿ ಹೈದರಲಿಯು ರಾಣಿ ವೀರಮ್ಮಾಜಿಯಿಂದ ಈ ಪಟ್ಟಣವನ್ನು ವಶಪಡಿಸಿಕೊಂಡು ಹೈದರನಗರವೆಂದು ಕರೆದನು. ಕೋಟೆಯ ಮೇಲೆ ನಿಂತು ನೋಡಿದರೆ ಹಸುರು, ನೀರು, ಮೌನ; ಇಷ್ಟೆ.

ಮರುದಿನ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವನ್ನು ಹತ್ತಿದೆವು. ಕಲ್ಲುಹಾಸಿನ ದಾರಿಯಲ್ಲಿ ಹೆಬ್ಬಾಗಿಲುಗಳನ್ನು ಒಂದೊಂದಾಗಿ ದಾಟುವಾಗ ಅತ್ತೆಯವರು ಅಲ್ಲಲ್ಲಿ ಕುಳಿತು ಸುಧಾರಿಸಿಕೊಂಡರು, ಹಿಂದಿರುಗೋಣವೆಂದರೆ ಒಪ್ಪಲಿಲ್ಲ. ಮೇಲೆ ಅರಮನೆಯ ಅಡಿಪಾಯ, ಕಂಬಗಳ ಬುಡ, ನಡುವೆ ಕಲ್ಲಿನ ಒಲೆ. ನಾವೆಲ್ಲ ಮುಂದೆ ಹೋದೆವು. ಅವರು ಒಲೆಯ ಬಳಿಯಲ್ಲಿಯೇ ನಿಂತರು.

“ನೋಡೋ ಮಾಣಿ, ಅರಸರ ಒಲೆ ಉಳಿದಿದೆ. ನಮ್ಮದನ್ನು ತೋರಿಸೋಣವೆಂದರೆ ಹೊಳೆ ಇಳಿಯಬೇಕಲ್ಲ” ಎಂದರು.

1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಮುಳುಗಿದ ಹಳ್ಳಿಗಳಲ್ಲಿ ಅವರ ತವರೂ ಒಂದು. ನಾಡಿಗೆ ದೀಪ ಬಂದಿತೆಂದು ನಾವು ಓದಿದ್ದೆವು. ಅವರು ಆ ಮಾತನ್ನು ಎಂದೂ ಎತ್ತಿದವರಲ್ಲ, ನಾವೂ ಕೇಳಿದವರಲ್ಲ. ನಾನೂರು ವರ್ಷದ ಹಿಂದಿನ ರಾಜಧಾನಿಗಳನ್ನು ಹುಡುಕಿಕೊಂಡು ಹೊರಟ ನಮಗೆ, ಮನೆಯೊಳಗೇ ಅರವತ್ತು ವರ್ಷಗಳಿಂದ ಮುಚ್ಚಿಕೊಂಡಿದ್ದ ಊರೊಂದರ ನೆನಪೇ ಇರಲಿಲ್ಲ.

“ನಿಮ್ಮ ಮನೆ ಹೇಗಿತ್ತು?” ಎಂದು ಹುಡುಗನು ಕೇಳಿದನು. ಅತ್ತೆಯವರು ಕಡ್ಡಿಯೊಂದನ್ನು ಹೆಕ್ಕಿ ಮಣ್ಣಿನ ಮೇಲೆ ಗೀಚತೊಡಗಿದರು: ಇದು ಜಗುಲಿ, ಇದು ಕೊಟ್ಟಿಗೆ, ಇಲ್ಲಿ ಬಾವಿ, ಇದು ತೋಟಕ್ಕೆ ಇಳಿಯುವ ದಾರಿ. ಅವನು ಒಂದೊಂದನ್ನೂ ತಿರುಗಿ ಹೇಳಿ, ತಪ್ಪಿದಲ್ಲಿ ತಿದ್ದಿಸಿಕೊಂಡನು. ಬಿಸಿಲೇರುವ ತನಕ ನಾವೂ ಸುತ್ತ ಕುಳಿತು ಕೇಳಿದೆವು. ಶಿಖರದ ಗುಡಿಯನ್ನು ನೋಡುವುದು ಆ ದಿನ ಆಗಲಿಲ್ಲ.