ಬಲ್ಮಠದ ಗುಡ್ಡದಲ್ಲಿ ಕಾಗದದ ವಿಚಾರ

ಮುಂಬಯಿಯಿಂದ ಮಂಗಳೂರಿಗೆ ಹೋಗುವವರು ಬಗೆಬಗೆಯ ಕಾರಣಗಳಿಗಾಗಿ ಹೋಗುತ್ತಾರೆ. ಮದುವೆ, ಮುಂಜಿ, ಭೂತದ ಕೋಲ, ಕಟೀಲಿನ ಹರಕೆ, ಆಸ್ತಿಯ ಪಾಲು. ಏನೂ ಇಲ್ಲದಿದ್ದರೆ ಬಂಗುಡೆ ಮೀನು. ಕಾಗದದ ವಿಚಾರ ತಿಳಿದುಕೊಂಡು ಬರೋಣವೆಂದು ಮತ್ಸ್ಯಗಂಧ ರೈಲನ್ನು ಹತ್ತಿದವರು ವಿರಳವಿರಬೇಕು. ನಾನು ಹತ್ತಿದೆ.

ಅದಕ್ಕೆ ಕಾರಣ ನಮ್ಮ ಸಂಘದ ಪುಸ್ತಕ. ಊರು ಬಿಟ್ಟು ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಈ ಮಹಾನಗರದಲ್ಲಿ ಒಂದು ಬಾಗಿಲಿಗೆ ತಮ್ಮ ಹೆಸರಿನ ಹಲಗೆ ಹಾಕಿಸಿಕೊಂಡ ಹಿರಿಯರ ನೆನಪುಗಳನ್ನು ಒಂದೆಡೆ ಸೇರಿಸಿ ಪ್ರಕಟಿಸಬೇಕೆಂದು ನಿಶ್ಚಯವಾಗಿತ್ತು. ಬರೆದುಕೊಟ್ಟ ಇಪ್ಪತ್ತೆರಡು ಮಂದಿಯಲ್ಲಿ ಮೂವರು ಆಗಲೇ ತೀರಿಕೊಂಡಿದ್ದರು. ಬರೆದವರು ಅಜ್ಜಂದಿರು, ಓದಬೇಕಾದವರು ಮೊಮ್ಮಕ್ಕಳು. ಆ ಮೊಮ್ಮಕ್ಕಳೋ, ಭಾನುವಾರದ ತರಗತಿಯಲ್ಲಿ ಸಾಲಿನ ಕೆಳಗೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದುವವರು. ಸಮಿತಿಯಲ್ಲಿ ಎರಡು ಪಕ್ಷಗಳಾದುವು. ಒಂದು ಪಕ್ಷಕ್ಕೆ ಮಿರಮಿರ ಮಿನುಗುವ ಆರ್ಟ್ ಕಾಗದ, ಬಣ್ಣದ ಚಿತ್ರಗಳು, ಕನ್ನಡಿಯಂಥ ಮುಖಪುಟ ಬೇಕು. ಇನ್ನೊಂದು ಪಕ್ಷಕ್ಕೆ ಪುಟ ಕಡಿಮೆಯಾಗಬೇಕು, ಖರ್ಚು ಉಳಿಯಬೇಕು. ಓದುವ ಮಗುವಿನ ಪಕ್ಷಕ್ಕೆ ಯಾರೂ ಇರಲಿಲ್ಲ. ಮುಂಬಯಿಯಲ್ಲಿ ಕನ್ನಡದ ಕರಡು ತಿದ್ದಬಲ್ಲ ಮುದ್ರಣಾಲಯಗಳು ಹೆಚ್ಚಿಲ್ಲವಾದ್ದರಿಂದ ಅಚ್ಚಿನ ಕೆಲಸ ಮಂಗಳೂರಿನಲ್ಲೇ ಆಗಲೆಂದು ನನ್ನನ್ನು ಅಟ್ಟಿದರು.

ಬಲ್ಮಠವೆಂದರೆ ಮಂಗಳೂರು ಪೇಟೆಯ ನಡುವೆಯೇ ಇರುವ ದಿಣ್ಣೆ. ಹಂಪನಕಟ್ಟೆಯಿಂದ ನಡೆದೇ ಹೋಗಬಹುದು. ಬೆವರು ಮಾತ್ರ ಖಂಡಿತ. ಈಗ ಅಲ್ಲಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಇದೆ. ಅದರ ಗ್ರಂಥಾಲಯದಲ್ಲಿ ಬಾಸೆಲ್ ಮಿಶನ್ನಿನ ಹಳೆಯ ಪುಸ್ತಕಗಳನ್ನೂ ದಾಖಲೆಗಳನ್ನೂ ಕಾಪಾಡಿಕೊಂಡು ಬಂದಿದ್ದಾರೆ. ಈ ಊರಿನ ಅಚ್ಚಿನ ಕಥೆ ಶುರುವಾದದ್ದು ಮುಂಬಯಿಯಿಂದ ಎಂಬ ಸಂಗತಿ ನಮ್ಮವರಲ್ಲಿ ಅನೇಕರಿಗೆ ತಿಳಿಯದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲಿನ ಪಾದ್ರಿಗಳಿಗೆ ಕೆಲವೇ ವರ್ಷಗಳಲ್ಲಿ ಅಚ್ಚುಕೂಟ ಬೇಕಾಯಿತು. 1841ರಲ್ಲಿ ಗಾಟ್‌ಫ್ರೀಡ್ ವೈಗ್ಲೆ ಎಂಬವರು ಮುಂಬಯಿಯಲ್ಲಿ ಕಲ್ಲಚ್ಚಿನ ಯಂತ್ರವನ್ನು ಸಂಪಾದಿಸಿ, ಇಬ್ಬರು ಮರಾಠಿ ಸಹಾಯಕರನ್ನೂ ಜೊತೆಮಾಡಿಕೊಂಡು ಮರುವರ್ಷ ಇಲ್ಲಿಗೆ ಮರಳಿದರು. ನಾವು ಕರಾವಳಿಯಿಂದ ಮುಂಬಯಿಗೆ ಕೈಗಳನ್ನು ಕಳಿಸಿದವರು. ಮುಂಬಯಿ ಅದಕ್ಕೂ ಮೊದಲೇ ಕರಾವಳಿಗೆ ಎರಡು ಜೊತೆ ಕೈಗಳನ್ನು ಕಳಿಸಿಕೊಟ್ಟಿತ್ತು.

ಕಲ್ಲಚ್ಚು ಎಂದೊಡನೆ ಕಲ್ಲಿನಲ್ಲಿ ಕೆತ್ತಿದ ಅಕ್ಷರವೆಂದು ತಿಳಿಯಬಾರದು. ಅದು ಬವೇರಿಯದ ಸೆನೆಫೆಲ್ಡರ್ 1796ರಲ್ಲಿ ಕಂಡುಹಿಡಿದ ಉಪಾಯ. ನುಣ್ಣಗೆ ತೇದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಮಸಿಯಿಂದ ಬರೆಯುತ್ತಾರೆ. ಆಮೇಲೆ ಕಲ್ಲಿಗೆ ನೀರು ಸವರಿದರೆ ಬರಹವಿಲ್ಲದ ಕಡೆ ತೇವ ನಿಲ್ಲುತ್ತದೆ, ಜಿಡ್ಡಿನ ಮೇಲೆ ನಿಲ್ಲುವುದಿಲ್ಲ. ಈಗ ಮಸಿಯ ಉರುಳೆಯನ್ನು ಹಾಯಿಸಿದರೆ ಬರಹವಿದ್ದಲ್ಲಿ ಮಾತ್ರ ಮಸಿ ಹತ್ತುತ್ತದೆ. ಎಣ್ಣೆ ನೀರು ಕೂಡವು ಎಂಬುದು ನಮ್ಮ ಅಡುಗೆಮನೆಯಲ್ಲಿ ಎಲ್ಲರೂ ಬಲ್ಲ ಮಾತು. ಅದರಿಂದಲೇ ಪುಸ್ತಕ ಹುಟ್ಟಿತು.

ಈ ಉಪಾಯದಲ್ಲಿ ಕನ್ನಡಕ್ಕೆ ಒಂದು ದೊಡ್ಡ ಅನುಕೂಲವಿತ್ತು. ಬರೆಯುವವನು ಮನುಷ್ಯನಾದ್ದರಿಂದ ಒತ್ತಕ್ಷರ ಬಂದಲ್ಲಿ ಅವನ ಕೈ ತಾನಾಗಿ ಜಾಗ ಬಿಡುತ್ತಿತ್ತು. ಕಲ್ಲಚ್ಚಿನ ಹಳೆಯ ಪುಟವೊಂದನ್ನು ನಾನು ಬಹಳ ಹೊತ್ತು ನೋಡಿದೆ. ಸಾಲುಗಳು ನೇರವಾಗಿಲ್ಲ, ಅಂಚಿನಲ್ಲಿ ಅಕ್ಷರ ಇಕ್ಕಟ್ಟಾಗಿದೆ, ಆದರೂ ಒಂದು ಒತ್ತಾದರೂ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆದಿಲ್ಲ. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ವೂ ಹೀಗೆ ಕಲ್ಲಿನಿಂದಲೇ ಎದ್ದದ್ದು. ಕನ್ನಡದ ಮೊದಲ ಪತ್ರಿಕೆ ಅದು. ಜುಲೈ 1ನ್ನು ನಾಡಿನಲ್ಲಿ ಪತ್ರಿಕಾ ದಿನವೆಂದು ಆಚರಿಸುವುದು ಅದರ ನೆನಪಿಗೇ. ವರ್ಷ ತುಂಬುವ ಮೊದಲೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಅಲ್ಲಿ ಮೊಳೆಯ ಅಚ್ಚಿತ್ತು, ಇಲ್ಲಿರಲಿಲ್ಲ. ಒಂದು ಪತ್ರಿಕೆ ಓದುಗರಿಗಾಗಿ ಅಲ್ಲ, ಅಕ್ಷರದ ಮೊಳೆಗಾಗಿ ಊರು ಬಿಟ್ಟಿತು ಎಂದರೆ, ವಲಸೆ ಬಂದ ನಮಗೆ ಅದರ ಮೇಲೆ ಸ್ವಲ್ಪ ಮಮತೆ ಹುಟ್ಟುವುದು ಸಹಜ.

ಮಂಗಳೂರಿಗೆ ಲೋಹದ ಕನ್ನಡ ಮೊಳೆಗಳು ಬಂದದ್ದು 1851ರ ಸುಮಾರಿಗೆ, ಯುರೋಪಿನಿಂದ ಹಡಗಿನಲ್ಲಿ. ಮೊಳೆ ಬಂತು, ಅದರೊಡನೆ ತೊಡಕೂ ಬಂತು. ಇಂಗ್ಲಿಷಿನ ಅಕ್ಷರ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುವ ಶಿಸ್ತಿನ ಮನುಷ್ಯ. ನಮ್ಮದು ಕೂಡುಕುಟುಂಬ: ತಲೆಯ ಮೇಲೆ ತಲೆಕಟ್ಟು, ಗುಡಿಸು, ಪಕ್ಕದಲ್ಲಿ ಕೊಂಬು, ದೀರ್ಘ, ಕಾಲಡಿಯಲ್ಲಿ ಒತ್ತು, ಕೆಲವೊಮ್ಮೆ ಒತ್ತಿನ ಜೊತೆಗೆ ಇನ್ನೊಂದು ಒತ್ತು. ‘ಸ್ವಾತಂತ್ರ್ಯ’ ಎಂಬ ಒಂದು ಮಾತನ್ನು ಬರೆದು ನೋಡಿ. ಕಂಪೋಜಿಟರು ಮೂಲಾಕ್ಷರಕ್ಕೆ ಒಂದು ಮೊಳೆ, ಒತ್ತಿಗೆ ಒಂದು ಸಣ್ಣ ಮೊಳೆ ಹುಡುಕಿ ಕೂಡಿಸಬೇಕು. ಆಮೇಲೆ ಎರಡು ಸಾಲುಗಳ ನಡುವೆ ಸೀಸದ ಪಟ್ಟಿ ತೂರಿಸಬೇಕು. ಪಟ್ಟಿ ತೆಳುವಾದರೆ ಮೇಲಿನ ಸಾಲಿನ ಕಾಲು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ದಪ್ಪವಾದರೆ ಪುಟ ಹೆಚ್ಚುತ್ತದೆ, ಕಾಗದ ಹೆಚ್ಚುತ್ತದೆ, ಯಜಮಾನರ ಹುಬ್ಬು ಏರುತ್ತದೆ. ಕನ್ನಡ ಪುಸ್ತಕದ ಅಂದಚೆಂದದ ಚರ್ಚೆಯೆಲ್ಲ ಮುಖಪುಟದ ಚಿತ್ರದಿಂದ ಆರಂಭವಾಗುವುದನ್ನು ನೋಡಿದ್ದೇನೆ. ನನಗನಿಸುವಂತೆ ಅದು ಈ ಸೀಸದ ಪಟ್ಟಿಯಿಂದ ಆರಂಭವಾಗಬೇಕು.

ಕಿಟ್ಟೆಲರ ನಿಘಂಟನ್ನು ಕಾಣದೆ ಬಲ್ಮಠದಿಂದ ಇಳಿಯುವುದುಂಟೇ? 1894ರಲ್ಲಿ ಇಲ್ಲಿಂದ ಹೊರಟದ್ದು; 1,752 ಪುಟ, ಸುಮಾರು 70,000 ಶಬ್ದ. ಇದೇ ಅಚ್ಚಿನವರು 1872ರಲ್ಲಿ ಗುಂಡರ್ಟರ ಮಲಯಾಳ ನಿಘಂಟನ್ನೂ 1886ರಲ್ಲಿ ಮೆನ್ನರರ ತುಳು ನಿಘಂಟನ್ನೂ ಹೊರತಂದಿದ್ದರು, ಹಾಗಾಗಿ ಕೈ ಪಳಗಿತ್ತು. ಇಂಥ ಗ್ರಂಥದಲ್ಲಿ ಮೂರು ಕಷ್ಟ ಒಟ್ಟಿಗೆ ಬರುತ್ತವೆ. ಕಾಗದ ದಪ್ಪವಾದರೆ ಗ್ರಂಥ ಎತ್ತಲಾಗದು. ತೆಳುವಾದರೆ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಮೂಡುತ್ತದೆ. ಅಕ್ಷರ ಕಿರಿದಾದರೆ ಒತ್ತು ಮಸಿಯ ಚುಕ್ಕೆಯಾಗುತ್ತದೆ. ಅವರು ಸಣ್ಣ ಅಕ್ಷರವನ್ನೇ ಆರಿಸಿ, ಮಸಿಯನ್ನು ಹಿತವಾಗಿ ಕೊಟ್ಟಿದ್ದಾರೆ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯನ್ನು ಮದ್ರಾಸು ವಿಶ್ವವಿದ್ಯಾನಿಲಯ 1968ರಿಂದ 1971ರವರೆಗೆ ಪ್ರಕಟಿಸಿದಾಗ ಅದು ನಾಲ್ಕು ಸಂಪುಟವಾಯಿತು. ಚೆನ್ನೈಯ ನಮ್ಮ ಬಂಧುಗಳ ಮನೆಗಳಲ್ಲಿ ಅದನ್ನು ನೋಡಿದ್ದೇನೆ. ಮಡಿಲಲ್ಲಿಟ್ಟು ಓದಲು ಅದೇ ಸುಖ.

ಹಳೆಯ ಪುಸ್ತಕಗಳನ್ನು ನೋಡಿಕೊಳ್ಳುವವರೊಡನೆ ಮಾತಾಡಿದರೆ ಮಳೆಯ ಸುದ್ದಿ ಬರದೆ ಇರದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರು. ಇಲ್ಲಿ ಪುಸ್ತಕಕ್ಕೆ ಗೆದ್ದಲು, ಬೂಷ್ಟು, ತೇವ ಎಂಬ ಮೂವರು ದಾಯಾದಿಗಳು. ಆದರೆ ಅವರೆಲ್ಲ ಹೊರಗಿನಿಂದ ಬರುವವರು. ನಾಲ್ಕನೆಯವನು ಕಾಗದದ ಒಳಗೇ ಇರುತ್ತಾನೆ. ಹಿಂದೆ ಕಾಗದವನ್ನು ಚಿಂದಿಬಟ್ಟೆಯಿಂದ ಮಾಡುತ್ತಿದ್ದರು, ಅದು ಶತಮಾನಗಳ ಕಾಲ ಬಾಳುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ತಿರುಳು ಬಂತು. ಶಾಯಿ ಹರಡದಂತೆ ಪಟಿಕವನ್ನೂ ರಾಳವನ್ನೂ ಬೆರೆಸುವ ಕ್ರಮ ಬಂತು. ಪಟಿಕದಿಂದ ಹುಟ್ಟುವ ಆಮ್ಲ ಕಾಗದದ ನಾರನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ಅದಕ್ಕೇ 1850ರ ಪುಸ್ತಕದ ಹಾಳೆ ಇನ್ನೂ ಬಾಗುತ್ತದೆ, 1950ರ ಅಗ್ಗದ ಕಾದಂಬರಿಯ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಭದ್ರಾವತಿಯಲ್ಲಿ 1936ರಲ್ಲಿ, ದಾಂಡೇಲಿಯಲ್ಲಿ 1955ರಲ್ಲಿ ಕಾಗದದ ಗಿರಣಿಗಳು ಸ್ಥಾಪನೆಯಾಗಿ ಕನ್ನಡ ಪುಸ್ತಕಕ್ಕೆ ನಮ್ಮದೇ ಬಿದಿರಿನ ಕಾಗದ ಸಿಗುವಂತಾಯಿತು, ಆದರೂ ಅಗ್ಗದ ಮಾಲೆಗಳು ಬಹುಮಟ್ಟಿಗೆ ಸುದ್ದಿಪತ್ರಿಕೆಯ ಕಾಗದವನ್ನೇ ನಂಬಿದ್ದವು. ಈಗ ಸುಣ್ಣದ ಅಂಶ ಬೆರೆಸಿದ, ಆಮ್ಲವಿಲ್ಲದ ಕಾಗದ ಸುಲಭವಾಗಿ ಸಿಗುತ್ತದೆ. ಬೆಲೆಯಲ್ಲಿ ಅಂಥ ವ್ಯತ್ಯಾಸವೂ ಇಲ್ಲ. ಕೇಳಿ ಕೊಳ್ಳಬೇಕು, ಅಷ್ಟೆ. ಕೇಳುವವರು ಕಡಿಮೆ.

ಗುಡ್ಡ ಇಳಿದು ಪೇಟೆಯ ಮುದ್ರಣಾಲಯವೊಂದಕ್ಕೆ ಹೋದೆ. ಈಗ ಅಲ್ಲಿ ಮೊಳೆಯೂ ಇಲ್ಲ, ಸೀಸವೂ ಇಲ್ಲ; ಗಣಕಯಂತ್ರದ ಮುಂದೆ ಒಬ್ಬಳು ಹುಡುಗಿ ಪಟಪಟನೆ ಬೆರಳಾಡಿಸುತ್ತಿದ್ದಳು. ಆ ಬೆರಳಾಟದ ಹಿಂದೆಯೂ ಮಂಗಳೂರು ಮುಂಬಯಿಗಳ ನಂಟಿದೆ. ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ದುಡಿದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಇಂದು ಕನ್ನಡ ಬೆರಳಚ್ಚಿಗೆ ಆಧಾರ.

ಮುದ್ರಣಾಲಯದ ಯಜಮಾನರು ನಮ್ಮ ಆರ್ಟ್ ಕಾಗದದ ವಿಚಾರವನ್ನು ಕೇಳಿ ನಕ್ಕರು. “ಎಂತ ಮಾರಾಯ್ರೆ, ನಿಮ್ಮ ಪುಸ್ತಕ ಓದ್ಲಿಕ್ಕಾ, ನೋಡ್ಲಿಕ್ಕಾ?”

“ಎರಡಕ್ಕೂ ಎಂದಿದ್ದಾರೆ.”

“ಹಾಗಾದ್ರೆ ಓದ್ಲಿಕ್ಕೆ ಮಾಡುವ. ಓದ್ಲಿಕ್ಕೆ ಆದದ್ದನ್ನು ನೋಡ್ಲಿಕ್ಕೂ ಆಗ್ತದೆ.”

ಅವರು ಹೇಳಿದ್ದರ ಸಾರ ಇದು. ಆರ್ಟ್ ಕಾಗದದ ಹೊಳಪು ಬಿಳಿಮಣ್ಣಿನ ಲೇಪದಿಂದ ಬರುವುದು. ಅದು ಚಿತ್ರಕ್ಕೆ ಒಳ್ಳೆಯದು, ಕಣ್ಣಿಗೆ ಕೆಟ್ಟದ್ದು. ದೀಪದ ಕೆಳಗೆ ಝಗ್ಗೆನ್ನುತ್ತದೆ, ಕೈಗೆ ಭಾರ, ತೇವ ತಾಗಿದರೆ ಹಾಳೆಗೆ ಹಾಳೆ ಅಂಟಿ ಇಡೀ ಪುಸ್ತಕ ಇಟ್ಟಿಗೆಯಾಗುತ್ತದೆ. ಒಂದು ಮಳೆಗಾಲ ಕಪಾಟಿನ ಕೆಳಗಿನ ತಟ್ಟಿನಲ್ಲಿ ನೀರು ನುಗ್ಗಿದ ಮುಂಬಯಿಯ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಖಪುಟದ ಪ್ಲಾಸ್ಟಿಕ್ ಪೊರೆಯದೂ ಹೀಗೆಯೇ: ಹೊರಮೈಯಲ್ಲಿ ಪೊರೆ ಇರುವುದರಿಂದ ಅತ್ತ ತೇವ ಹೀರುವುದಿಲ್ಲ, ಒಳಮೈ ಹೀರಿ ಉಬ್ಬುತ್ತದೆ, ರಕ್ಷಾಪುಟ ಹೊರಕ್ಕೆ ಸುರುಳಿಯೇಳುತ್ತದೆ. ಆಮೇಲೆ ಅವರು ಬೇರೊಂದು ಹಾಳೆಯ ತುಂಡು ಹರಿದು ಒಂದು ಮಗ್ಗುಲಿಗೆ ನೀರು ಸವರಿದರು. ಅದು ತಾನಾಗಿ ಕೊಳವೆಯಂತೆ ಸುತ್ತಿಕೊಂಡಿತು. ಕಾಗದ ಯಂತ್ರದಲ್ಲಿ ಹರಿಯುವಾಗ ನಾರು ಓಡಿದ ದಿಕ್ಕು ಯಾವುದೆಂದು ಆ ಕೊಳವೆ ತೋರಿಸುತ್ತದಂತೆ. ನಾರು ಪುಸ್ತಕದ ಬೆನ್ನಿಗೆ ಸಮನಾಗಿ ನಿಂತರೆ ಪುಟ ಮೆತ್ತಗೆ ಮಗುಚುತ್ತದೆ; ಅಡ್ಡಲಾದರೆ ಪುಸ್ತಕ ತೆರೆದಿಟ್ಟಲ್ಲಿ ನಿಲ್ಲದೆ ಮುಚ್ಚಿಕೊಳ್ಳುತ್ತದೆ. ಕಾಗದ ಕೊಳ್ಳುವಾಗ ಇದನ್ನು ಕೇಳುವವರು ನೂರಕ್ಕೊಬ್ಬರು ಎಂದರು. ಈ ಕಡೆಯ ಶಿವರಾಮ ಕಾರಂತರು 1930, 40ರ ದಶಕಗಳಲ್ಲಿ ಮುದ್ರಣದ ಪ್ರಯೋಗಕ್ಕಿಳಿದು, ತಮ್ಮ ಕಾದಂಬರಿಗಳನ್ನು ತಾವೇ ಅಚ್ಚುಹಾಕಿ ಕೈಸುಟ್ಟುಕೊಂಡ ಕಥೆಯನ್ನು ನೆನಪಿಸಿ, “ದುಡ್ಡು ಮಾಡುವ ಕಸುಬಲ್ಲ ಇದು” ಎಂದೂ ಸೇರಿಸಿದರು.

ಅವರಿಂದ ಒಂದೇ ಲೇಖನದ ಎರಡು ಮಾದರಿ ಪುಟಗಳನ್ನು ಮಾಡಿಸಿಕೊಂಡೆ. ಒಂದು, ನಮ್ಮ ಮಿತವ್ಯಯದ ಪಕ್ಷದವರು ಹೇಳಿದಂತೆ ಸಾಲುಗಳನ್ನು ಒತ್ತಿದ್ದು, ಅಚ್ಚ ಬಿಳಿ ಕಾಗದ. ಇನ್ನೊಂದು, ಅಕ್ಷರ ಅದೇ ಅಳತೆ, ಆದರೆ ಸಾಲುಗಳ ನಡುವೆ ಧಾರಾಳವಾದ ಜಾಗ, ತುಸು ಹಳದಿ ಛಾಯೆಯ ಮಂದ ಕಾಗದ. ತಮ್ಮನ ಮನೆಗೆ ಪುಣೆಯಿಂದ ಅವನ ಮೊಮ್ಮಗಳು ರಜೆಗೆ ಬಂದಿದ್ದಳು, ಹತ್ತು ವರ್ಷದವಳು. ಮೊದಲನೆಯದನ್ನು ಅವಳ ಕೈಗೆ ಕೊಟ್ಟೆ. ಮೂರು ಸಾಲು ತಡವರಿಸಿ ಓದಿದಳು. ‘ಸ್ವಾತಂತ್ರ್ಯ’ದ ಹತ್ತಿರ ಬಂದು ಬೆರಳು ನಿಂತಿತು.

“ದೊಡ್ಡಜ್ಜ, ಈ ಮರಿ ಅಕ್ಷರ ಮೇಲಿನದ್ದಾ, ಕೆಳಗಿನದ್ದಾ?”

ಹಾಳೆಯನ್ನು ಕೆಳಗಿಟ್ಟು ಮಾವಿನಹಣ್ಣಿನ ಕಡೆ ಹೋದಳು. ಸಂಜೆ ಎರಡನೆಯದನ್ನು ಕೊಟ್ಟೆ. ಅಲ್ಲಿಯೂ ತಡವರಿಸಿದಳು, ಆದರೆ ನಿಲ್ಲಲಿಲ್ಲ. ಬೆರಳಿಗೆ ಓಡಾಡಲು ದಾರಿ ಸಿಕ್ಕಿತ್ತು. ಪುಟದ ಕೊನೆಗೆ ಬಂದು, ಆ ಅಜ್ಜ ರಾತ್ರಿ ಹೋಟೆಲಿನ ಮೇಜಿನ ಮೇಲೆ ಮಲಗಿದ ಮೇಲೆ ಏನಾಯಿತು ಎಂದು ಕೇಳಿದಳು. ಮುಂದಿನ ಪುಟ ನನ್ನ ಹತ್ತಿರ ಇರಲಿಲ್ಲ, ಬಾಯಿಮಾತಿನಲ್ಲೇ ಹೇಳಿದೆ. ಬರೆದವರು ತೀರಿಕೊಂಡ ಆ ಮೂವರಲ್ಲೊಬ್ಬರು.

ಸಮಿತಿಗೆ ಪತ್ರ ಬರೆಯುವುದು ಆಮೇಲೆ ಕಷ್ಟವಾಗಲಿಲ್ಲ. ಸಾಲು ಸಡಿಲಿಸಿದ್ದರಿಂದ ಮೂರು ಫಾರಂ, ಎಂದರೆ 48 ಪುಟ, ಹೆಚ್ಚಿತು. ಆ ಖರ್ಚಿಗೆ ಬಣ್ಣದ ಚಿತ್ರಗಳನ್ನೂ ಮುಖಪುಟದ ಪೊರೆಯನ್ನೂ ಕೈಬಿಟ್ಟೆವು. ಪದಾಧಿಕಾರಿಗಳ ಭಾವಚಿತ್ರಗಳೂ ಅದರೊಡನೆ ಹೋದುವು. ಅದರ ಬಗ್ಗೆ ಎರಡು ಸಭೆಗಳು ನಡೆದವೆಂದು ತಿಳಿಯಿತು.

ಉಳಿದದ್ದು ಹೊಲಿಗೆ. ಬರಿಯ ಅಂಟಿನಿಂದ ಬೆನ್ನು ಕಟ್ಟಿದರೆ ಅಗ್ಗ. ಆದರೆ ಹತ್ತು ಮಕ್ಕಳ ಕೈ ದಾಟುವಷ್ಟರಲ್ಲಿ ಹಾಳೆಗಳು ಉದುರುತ್ತವೆ. ಫಾರಂ ಫಾರಮಾಗಿ ನೂಲಿನಿಂದ ಹೊಲಿಯಬಲ್ಲ ಒಬ್ಬ ಹಿರಿಯರು ಆ ಮುದ್ರಣಾಲಯದ ಹಿಂಬದಿಯಲ್ಲಿ ಇನ್ನೂ ಕೂರುತ್ತಾರೆ. ಹೊಲಿದು ಕೊಡಲು ಒಪ್ಪಿದರು. ದಿನ ಗೊತ್ತುಮಾಡಲು ಹೋದಾಗ ಮಾತ್ರ ತಲೆಯಾಡಿಸಿದರು. ರಟ್ಟು ಕಟ್ಟುವುದು ಮಳೆ ಹಿಡಿಯುವ ಮೊದಲು ಮುಗಿಯಬೇಕು. ಮುಗಿಯದಿದ್ದರೆ ಆಟಿ ಕಳೆದು, ಸೋಣವೂ ಕಳೆದು, ಬಿಸಿಲು ಬಂದ ಮೇಲೆಯೇ ಕೈ ಹಾಕುವುದು. ಒದ್ದೆ ಗಾಳಿಯಲ್ಲಿ ಕಟ್ಟಿದ ರಟ್ಟು ಸೊಟ್ಟಗಾಗುತ್ತದಂತೆ. “ಮುಂಬಯಿಯವರಿಗೆ ಅವಸರ ಉಂಟಾ?” ಎಂದು ಕೇಳಿದರು.